ಹುಳುವಿನ ಬೆನ್ನು ಹತ್ತಿದ ಬದುಕು

ಪಶ್ಚಿಮ ಆಫ್ರಿಕಾದ ನದಿದಂಡೆಯ ಊರುಗಳಲ್ಲಿ ಕೋಲಿನ ಒಂದು ತುದಿ ಹಿಡಿದ ಮಗು ಮುಂದೆ, ಇನ್ನೊಂದು ತುದಿ ಹಿಡಿದ ಕುರುಡು ಹಿರಿಯರು ಹಿಂದೆ ನಡೆಯುವುದು ಒಂದು ಕಾಲಕ್ಕೆ ದಿನನಿತ್ಯದ ನೋಟವಾಗಿತ್ತು. ರಭಸದ ಹೊಳೆಯಲ್ಲಿ ಹುಟ್ಟುವ ಕಪ್ಪು ನೊಣ ಕಚ್ಚಿದರೆ ಒಂದು ಬಗೆಯ ಹುಳು ಮೈಯೊಳಗೆ ಸೇರುತ್ತದೆ. ಅದರ ಮರಿಗಳು ಚರ್ಮದಲ್ಲಿ ಹರಿದಾಡಿ ಸಹಿಸಲಾಗದ ತುರಿಕೆ ಎಬ್ಬಿಸುತ್ತವೆ, ಕಣ್ಣು ಹೊಕ್ಕರೆ ದೃಷ್ಟಿಯನ್ನೇ ಕಸಿಯುತ್ತವೆ. ನದಿ ಕುರುಡು ಎಂಬ ಈ ರೋಗಕ್ಕೆ ಹೆದರಿ ಜನ ಫಲವತ್ತಾದ ಹೊಲಗಳನ್ನೇ ಬಿಟ್ಟು ಹೋದರು.

ಐರ್ಲೆಂಡಿನ ರಮೆಲ್ಟನ್ ಎಂಬ ಪುಟ್ಟ ಊರಿನಲ್ಲಿ ಬೆಳೆದ ವಿಲಿಯಂ ಕ್ಯಾಂಪ್‌ಬೆಲ್ ಪರೋಪಜೀವಿ ಹುಳುಗಳ ಅಧ್ಯಯನವನ್ನೇ ಆಯ್ದುಕೊಂಡರು. 1957ರಲ್ಲಿ ಅಮೆರಿಕದ ಮರ್ಕ್ ಔಷಧ ಕಂಪನಿ ಸೇರಿ, ಕುರಿ, ದನ, ಕುದುರೆಗಳ ಹೊಟ್ಟೆಹುಳುವಿಗೆ ಮದ್ದು ಹುಡುಕುತ್ತ ವರ್ಷಗಳನ್ನೇ ಕಳೆದರು. ಹೆಸರು ತರುವ ಕೆಲಸವೇನೂ ಅದಲ್ಲ. ಜಪಾನಿನ ಸತೋಶಿ ಓಮುರಾ ಮಣ್ಣಿನಲ್ಲಿ ಹೆಕ್ಕಿ ಕಳಿಸಿದ ಒಂದು ಬ್ಯಾಕ್ಟೀರಿಯಾದಿಂದ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಐವರ್ಮೆಕ್ಟಿನ್ ರೂಪಿಸಿದರು. ಅದು ಜಾನುವಾರುಗಳ ಔಷಧವಾಗಿ ಗೆದ್ದಿತು.

ಅಷ್ಟಕ್ಕೇ ತೃಪ್ತರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕುದುರೆಯ ಚರ್ಮದಲ್ಲಿದ್ದ ಹುಳುಮರಿಗಳು ಈ ಮದ್ದಿಗೆ ಸಾಯುವುದನ್ನು ಕಂಡ ಕ್ಯಾಂಪ್‌ಬೆಲ್, ಅದೇ ಜಾತಿಗೆ ಸೇರಿದ ನದಿ ಕುರುಡಿನ ಹುಳುವಿಗೂ ಇದು ನಾಟಬಹುದೆಂದು ಕಂಪನಿಗೆ ಹೇಳಿದರು. 1981ರಲ್ಲಿ ಕಂಪನಿಯ ಡಾ. ಮೊಹಮ್ಮದ್ ಅಜೀಜ್ ಸೆನೆಗಲ್‌ನ ರೋಗಿಗಳ ಮೇಲೆ ಪ್ರಯೋಗಿಸಿದಾಗ ಆ ಮಾತು ನಿಜವಾಯಿತು. ಆದರೆ ಅದನ್ನು ಕೊಳ್ಳುವ ಶಕ್ತಿ ರೋಗಿಗಳಿಗಿರಲಿಲ್ಲ. 1987ರಲ್ಲಿ ಕಂಪನಿ, ಬೇಕಾದಷ್ಟು ಕಾಲ ಬೇಕಾದಷ್ಟು ಮಾತ್ರೆಯನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಮಾತ್ರೆ ಮರಿಗಳನ್ನಷ್ಟೇ ಕೊಲ್ಲುತ್ತದೆ, ದೊಡ್ಡ ಹುಳು ಹತ್ತು-ಹದಿನೈದು ವರ್ಷ ಬದುಕುತ್ತದೆ. ಹಾಗಾಗಿ ಊರೂರಿಗೆ ವರ್ಷವರ್ಷವೂ ಅದನ್ನು ಮುಟ್ಟಿಸಬೇಕಾಯಿತು. 2013ರಲ್ಲಿ ಕೊಲಂಬಿಯಾ ಈ ರೋಗದಿಂದ ಮುಕ್ತವಾದ ಮೊದಲ ದೇಶವಾಯಿತು. 2015ರಲ್ಲಿ ಕ್ಯಾಂಪ್‌ಬೆಲ್ ಮತ್ತು ಓಮುರಾ ಅವರಿಗೆ ನೊಬೆಲ್ ಬಂತು.

ದನದ ಹುಳುವಿನ ಅಧ್ಯಯನ ಯಾರಿಗೆ ಬೇಕು ಎಂದು ಕೇಳುವವರು ಈ ಬದುಕನ್ನು ನೋಡಬೇಕು. ಯಾವ ಜ್ಞಾನವೂ ಕೀಳಲ್ಲ. ಒಂದೆಡೆ ಕಂಡದ್ದು ಇನ್ನಾರ ಸಂಕಟಕ್ಕೆ ಆದೀತು ಎಂದು ಯೋಚಿಸುವ ಮನಸ್ಸು ಬೇಕು.

ಇದೇ ಐವರ್ಮೆಕ್ಟಿನ್ ನಮ್ಮ ದೇಶದಲ್ಲಿ, ಹುಳುವಿನಿಂದಲೇ ಬರುವ ಆನೆಕಾಲು ರೋಗದ ವಿರುದ್ಧವೂ ಬಳಕೆಯಲ್ಲಿದೆ. ಕಲಬುರಗಿ, ಯಾದಗಿರಿ ಸೀಮೆಗೆ ಆ ರೋಗ ಹೊಸದೇನಲ್ಲ. ಆಶಾ ಕಾರ್ಯಕರ್ತೆ ಆನೆಕಾಲು ರೋಗದ ಮಾತ್ರೆ ಹಿಡಿದು ಬಾಗಿಲಿಗೆ ಬಂದರೆ, ನನಗೇನೂ ಆಗಿಲ್ಲವೆಂದು ಗೂಡಿನಲ್ಲಿಡಬೇಡಿ. ಗರ್ಭಿಣಿಯರು, ಎಳೆಯ ಮಕ್ಕಳು, ತೀವ್ರ ಕಾಯಿಲೆಯವರನ್ನು ಬಿಟ್ಟು ಉಳಿದವರೆಲ್ಲ ಊಟ ಮಾಡಿ ಅವರ ಎದುರೇ ನುಂಗಿ.