ಹೊರುವ ದೇವರು, ಹೊರಿಸಿಕೊಳ್ಳುವ ದೇವರು

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮಿನ ದೇವಾಲಯಕ್ಕೆ ಬೆಂಕಿಯಿಟ್ಟು ಜನರನ್ನು ಸೆರೆ ಒಯ್ದಿತು. ಜನ ಸೋತರೆ ಅವರ ದೇವರೂ ಸೋತಂತೆ ಎಂಬುದು ಅಂದಿನ ಲೋಕದ ಎಣಿಕೆ. ಗೆದ್ದವರ ದೇವರಿಗೋ ವೈಭವವೇ ವೈಭವ. ಹೊಸ ವರ್ಷದ ಹಬ್ಬದಲ್ಲಿ ಬಾಬಿಲೋನಿನ ದೇವರು ಮರ್ದೂಕನ ವಿಗ್ರಹ ಮೆರವಣಿಗೆ ಹೊರಡುತ್ತಿತ್ತು. ಮಗ ನೆಬೋ ಬೋರ್ಸಿಪ್ಪ ನಗರದಿಂದ ಬಂದು ಕೂಡಿಕೊಳ್ಳುತ್ತಿದ್ದ.

ಬೈಬಲಿನ ಯೆಶಾಯನ ಗ್ರಂಥದ 46ನೆಯ ಅಧ್ಯಾಯದಲ್ಲಿ ಇದೇ ದೇವರುಗಳು ಬೇರೊಂದು ಪಯಣ ಹೊರಡುತ್ತಾರೆ. ಬೇಲ್ ಎನಿಸಿಕೊಂಡ ಮರ್ದೂಕನೂ ನೆಬೋನೂ ದಣಿದ ಪಶುಗಳ ಬೆನ್ನ ಮೇಲಿನ ಹೇರು. ಯಾರನ್ನಾದರೂ ಕಾಪಾಡುವುದಿರಲಿ, ತಾವೇ ಸೆರೆಗೆ ಸಾಗುತ್ತಾರೆ. ಅದರ ಬೆನ್ನಿಗೇ ಸೆರೆಯಾದ ಜನರ ದೇವರು ಯೆಹೋವನ ಮಾತು: ಹುಟ್ಟಿದಾಗಿನಿಂದ ಈ ಜನರನ್ನು ಹೊತ್ತವನು ತಾನು, ಅವರ ತಲೆ ನರೆತ ಮೇಲೂ ಹೊರುವವನು ತಾನೇ. ದೇವರು ಮತ್ತು ಭಕ್ತ, ಇವರಲ್ಲಿ ಯಾರ ಭಾರ ಯಾರ ಮೇಲೆ? ವಿಗ್ರಹ ವಿಮರ್ಶೆಯ ತಿರುಳು ಈ ಪ್ರಶ್ನೆಯಲ್ಲಿದೆ ಎಂದೇ ನನ್ನ ನಂಬಿಕೆ.

ಹೆಚ್ಚಿನವರ ನೆನಪಿನಲ್ಲಿ ಉಳಿಯುವುದು ಮಾತ್ರ 44ನೆಯ ಅಧ್ಯಾಯದ ಬಡಗಿ. ಒಂದೇ ಮರದ ಅರ್ಧವನ್ನು ಉರಿಸಿ ಚಳಿ ಕಾಯಿಸುತ್ತಾನೆ, ರೊಟ್ಟಿ ಸುಡುತ್ತಾನೆ. ಉಳಿದರ್ಧವನ್ನು ಕೆತ್ತಿ, ಕಾಪಾಡೆಂದು ಅಡ್ಡಬೀಳುತ್ತಾನೆ. ಇಷ್ಟಕ್ಕೇ ನಿಂತರೆ ಬಾಬಿಲೋನಿನವರಿಗೆ ಅನ್ಯಾಯವಾಗುತ್ತದೆ. ಮರ ಮರವೇ ಎಂಬುದು ಅವರಿಗೂ ಗೊತ್ತಿತ್ತು. ವಿಗ್ರಹದ ‘ಬಾಯಿ ತೊಳೆಯುವ’ ವಿಧಿಯಲ್ಲಿ, ಇದನ್ನು ಮಾಡಿದವರು ನಾವಲ್ಲ, ದೇವತೆಗಳೇ ಎಂದು ಕುಶಲಕರ್ಮಿಗಳು ಪ್ರಮಾಣ ಮಾಡುತ್ತಿದ್ದರು. ಪ್ರವಾದಿ ಆ ಪ್ರಮಾಣವನ್ನು ಒಪ್ಪುವವನಲ್ಲ.

ಇದೇ ವಿಮರ್ಶೆ ಸ್ವಂತ ಜನರ ಮೇಲೂ ತಿರುಗಿತು. ಜೆರುಸಲೇಮಿನ ದೇವಾಲಯದಲ್ಲಿ ಯೆಹೋವನ ವಿಗ್ರಹವಿರಲಿಲ್ಲ; ಆದರೂ ಕಟ್ಟಡವೇ ತಮ್ಮನ್ನು ಉಳಿಸುತ್ತದೆಂದು ಜನ ನೆಚ್ಚಿಕೊಂಡಿದ್ದರು. ಅನಾಥರನ್ನು, ವಿಧವೆಯರನ್ನು ಪೀಡಿಸಿ ಇಲ್ಲಿ ಬಂದು ಕ್ಷೇಮವೆನ್ನುತ್ತೀರಾ ಎಂದು ಪ್ರವಾದಿ ಯೆರೆಮೀಯ ದೇವಾಲಯದ ಬಾಗಿಲಲ್ಲೇ ನಿಂತು ಕೇಳಿದ. ಹಾಳುಬಿದ್ದ ಹಳೆಯ ಪುಣ್ಯಕ್ಷೇತ್ರ ಶೀಲೋವನ್ನು ಹೋಗಿ ನೋಡಿ ಎಂದ.

ದೇವರೊಡನೆ ಮಾಡಿಕೊಂಡ ಒಡಂಬಡಿಕೆ ಮುರಿದವರು ಜನ. ಪ್ರವಾದಿಗಳ ದೃಷ್ಟಿಯಲ್ಲಿ ಸೆರೆವಾಸ ದೇವರ ಸೋಲಲ್ಲ, ಆ ತಪ್ಪಿಗೆ ತೀರ್ಪು. ಆದರೆ ತೀರ್ಪು ಕೊಟ್ಟವನು ಕೈಬಿಡಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದದ್ದು ಅವರ ದೊಡ್ಡ ಧೈರ್ಯ. ಪ್ರವಾದಿ ಯೆಹೆಜ್ಕೇಲನಿಗೆ ಯೆಹೋವನ ಸಿಂಹಾಸನ ಕಂಡದ್ದು ಜೆರುಸಲೇಮಿನಲ್ಲಲ್ಲ. ಬಾಬಿಲೋನಿನ ಕೆಬಾರ್ ಕಾಲುವೆಯ ದಡದಲ್ಲಿ, ಸೆರೆಯಾಳುಗಳ ನಡುವೆ. ಅದಕ್ಕೆ ಚಕ್ರಗಳಿದ್ದವು; ಎಳೆಯುವ ಪಶುಗಳಿರಲಿಲ್ಲ.