ನಂತರ ನೆನಪಿಸು

ನಮ್ಮ ಅಪ್ಪನ ಕಂಪ್ಯೂಟರ್ ಎರಡು ತಿಂಗಳಿಂದ ದಿನಾ ಒಂದೇ ಪ್ರಶ್ನೆ ಕೇಳುತ್ತಿತ್ತು. ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೇ, ನಂತರ ನೆನಪಿಸಲೇ? ಅಪ್ಪ ದಿನಾ ‘ನಂತರ ನೆನಪಿಸು’ ಒತ್ತಿ ತಮ್ಮ ಬರವಣಿಗೆಗೆ ಕೂಡುತ್ತಿದ್ದರು. ನಾನು ಬೈದರೆ, “ಅದು ಕೇಳ್ತದ, ನಾ ಬ್ಯಾಡ ಅಂತೀನಿ. ಮರುದಿನ ಮತ್ತ ಕೇಳ್ತದ. ನಾವಿಬ್ರೂ ಹೊಂದಿಕೊಂಡೀವಿ, ನಿನಗೇನು ತ್ರಾಸು?” ಎನ್ನುತ್ತಿದ್ದರು.

ನನಗೆ ತ್ರಾಸಿತ್ತು. ನಾನು ಐಟಿಯವನು, ಪ್ರಾಜೆಕ್ಟ್ ಮ್ಯಾನೇಜರ್. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ. ಅಲ್ಲಿ ದಿನವಿಡೀ ಮಾಡುವ ಕೆಲಸದಲ್ಲಿ ಅರ್ಧ ಪಾಲು, ಬೇರೆಯವರ ಯಂತ್ರಗಳು ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಆಗುವಂತೆ ನೋಡಿಕೊಳ್ಳುವುದು. ಅಂಥವನ ಮನೆಯಲ್ಲೇ ತೇಪೆ ಹಾಕದ ಯಂತ್ರವೊಂದು, ನಾನು ಆಫೀಸಿನ ಲ್ಯಾಪ್‌ಟಾಪ್ ತೆರೆಯುವ ಅದೇ ವೈಫೈಗೆ ಅಂಟಿಕೊಂಡಿತ್ತು. ಹೆಂಡತಿ ಬ್ಯಾಂಕಿನ ವ್ಯವಹಾರ ಮಾಡುವುದೂ ಅದೇ ವೈಫೈಯಲ್ಲಿ.

ಕಳೆದ ಮಳೆಗಾಲದ ಒಂದು ಭಾನುವಾರ ರಾತ್ರಿ, ಅಪ್ಪ ಮಲಗಿದ ಮೇಲೆ ಹೋಗಿ ‘ಈಗಲೇ’ ಒತ್ತಿದೆ. ಬೆಳಿಗ್ಗೆ ಅವರಿಗೆ ಗೊತ್ತೂ ಆಗಲಿಕ್ಕಿಲ್ಲ ಅಂದುಕೊಂಡೆ. ಶೇಕಡಾ ಮೂವತ್ತು ದಾಟುವಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಬಂದಾಗ ಯಂತ್ರ ಏಳಲಿಲ್ಲ. ಅಪ್‌ಡೇಟ್ ಅಂದರೆ ಮನೆಯವರು ಒಳಗಿರುವಾಗ ತೊಲೆ ಬದಲಿಸಿದ ಹಾಗೆ. ವ್ಯವಸ್ಥೆ ತಾನೇ ಬಳಸುತ್ತಿರುವ ಫೈಲುಗಳನ್ನು ಬದಲಿಸಬೇಕು, ಅದಕ್ಕೇ ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಅರ್ಧ ತೊಲೆ ತೆಗೆದಾಗ ಕತ್ತಲಾದರೆ ಇದೇ ಗತಿ. ರಿಪೇರಿಯ ಪರದೆಗಳಲ್ಲಿ ಸುತ್ತಾಡಿ ಕೊನೆಗೆ, ‘ನನ್ನ ಫೈಲುಗಳನ್ನು ಉಳಿಸಿ, ಉಳಿದದ್ದನ್ನು ಹೊಸದಾಗಿ ಸ್ಥಾಪಿಸು’ ಎಂಬ ದಾರಿ ಹಿಡಿದೆ. ರಾತ್ರಿ ಎರಡೂವರೆಗೆ ಪರದೆ ಬೆಳಗಿತು. ಫೋಲ್ಡರುಗಳು ಇದ್ದವು. ಫೈಲುಗಳನ್ನು ಎಣಿಸಿದೆ, ಲೆಕ್ಕ ಸರಿಯಿತ್ತು. ಒಂದನ್ನೂ ತೆರೆದು ನೋಡದೆ ಹೋಗಿ ಮಲಗಿದೆ.

ಆ ಫೈಲುಗಳ ಬಗ್ಗೆ ಹೇಳಬೇಕು. ಅಪ್ಪ ಗದಗ ಕಡೆಯ ಊರಿನಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದವರು. ರಿಟೈರ್ ಆದ ಮೇಲೆ ಟೈಪ್ ಕಲಿತು, ಊರಿನ ಬಗ್ಗೆ ಬರೆಯಲು ಶುರು ಮಾಡಿದರು. ಯಾವ ಬಾವಿ ಯಾವ ವರ್ಷ ಬತ್ತಿತು, ಯಾರ ಮನೆಯ ಅಟ್ಟದ ಮೇಲೆ ಯಾವ ಪುರಾಣದ ಪ್ರತಿ ಇತ್ತು, ಶಾಲೆಗೆ ಯಾರು ಜಾಗ ಕೊಟ್ಟರು, ಹೀಗೆ. ಅಚ್ಚು ಹಾಕಿಸುವ ಹಂಬಲವಿಲ್ಲ. ಹದಿನೈದು ವರ್ಷದ ಬರವಣಿಗೆ, ಎಲ್ಲವೂ ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ. ಅಮ್ಮ ತೀರಿಕೊಂಡ ಮೇಲೆ ಅವರನ್ನು ಡೊಂಬಿವಲಿಗೆ ಕರೆತಂದಾಗ, ಅವರು ಊರಿನಿಂದ ಹಟ ಹಿಡಿದು ತಂದ ಸಾಮಾನು ಎರಡೇ: ಒಂದು ಕಬ್ಬಿಣದ ಟ್ರಂಕು, ಇನ್ನೊಂದು ಈ ಕಂಪ್ಯೂಟರ್.

ಹಳೆಯ ಫಾಂಟುಗಳ ಗುಟ್ಟು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಮನೆ ಕಂಪ್ಯೂಟರುಗಳಲ್ಲಿ ಅದು ಸರಿಯಾಗಿ ಮೂಡಲು ವರ್ಷಗಳು ಹಿಡಿದವು. ಅಲ್ಲಿಯವರೆಗೆ ನಾವೆಲ್ಲ ಮಾಡಿದ್ದು ಒಂದು ಉಪಾಯ: ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟೆವು. ಫಾಂಟ್ ಇರುವವರೆಗೆ ಕಣ್ಣಿಗೆ ಕನ್ನಡ. ಫಾಂಟ್ ಹೋದರೆ ಮನೆಯ ಯಜಮಾನರು ಹೊರಗೆ ಬಂದು ನಿಲ್ಲುತ್ತಾರೆ. ‘ಕನ್ನಡ’ ಎಂದಿದ್ದ ಕಡೆ ಒಂದು ಪಿ, ತಲೆಯ ಮೇಲೆ ಗೀರು ಹೊತ್ತ ಎ, ಒಂದು ಪೌಂಡ್ ಚಿಹ್ನೆ. ನನ್ನ ‘ಹೊಸದಾಗಿ ಸ್ಥಾಪಿಸು’ ಫೈಲುಗಳನ್ನು ಉಳಿಸಿ ಫಾಂಟುಗಳನ್ನು ಅಳಿಸಿತ್ತು.

ಸೋಮವಾರ ಹತ್ತು ಗಂಟೆಗೆ ಅಪ್ಪ ಫೋನ್ ಮಾಡಿದರು. ನಾನು ರಿಲೀಸ್ ಮೀಟಿಂಗಿನಲ್ಲಿದ್ದೆ, ಕತ್ತರಿಸಿದೆ. ಮತ್ತೆ ಮಾಡಿದರು, ‘ಆಮೇಲೆ ಮಾಡುತ್ತೇನೆ’ ಎಂದು ಸಂದೇಶ ಕಳಿಸಿದೆ. ಆಮೇಲೆ ಮರೆತೆ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದಾಗ ಅಪ್ಪ ಕಂಪ್ಯೂಟರಿನ ಮುಂದೆ ಇರಲಿಲ್ಲ. ಊಟದ ಮೇಜಿನ ಮೇಲೆ ಮೊಮ್ಮಗಳ ನೋಟ್‌ಬುಕ್ ಇಟ್ಟುಕೊಂಡು ಪೆನ್ನಿನಲ್ಲಿ ಬರೆಯುತ್ತಿದ್ದರು. ಬೆಳಿಗ್ಗೆ ಒಂದೊಂದೇ ಫೈಲು ತೆರೆದು ನೋಡಿದ್ದರು, ಎಲ್ಲದರಲ್ಲೂ ಪೌಂಡ್ ಚಿಹ್ನೆಗಳು. ಹೋಯಿತು ಅಂದುಕೊಂಡರು. ನೆನಪಿರುವಷ್ಟನ್ನಾದರೂ ಉಳಿಸಿಕೊಳ್ಳೋಣವೆಂದು ಕೊನೆಯ ಅಧ್ಯಾಯದಿಂದ ಶುರು ಮಾಡಿದ್ದರು. ಹನ್ನೊಂದು ಪುಟ ಆಗಿತ್ತು.

ಫಾಂಟ್ ಹಾಕಿ ಸರಿಪಡಿಸಲು ನನಗೆ ಇಪ್ಪತ್ತು ನಿಮಿಷ ಸಾಕಾಯಿತು. “ನೋಡ್ರಿ, ಏನೂ ಹೋಗಿಲ್ಲ, ಎಲ್ಲಾ ಇತ್ತು” ಅಂದೆ. ಅಪ್ಪ ಪರದೆ ನೋಡಿದರು, ಕನ್ನಡಕ ತೆಗೆದರು. “ಊರ ಮನಿ ಬಿಡಿಸುವಾಗೂ ನೀ ಇದನ್ನ ಅಂದಿದ್ದಿ. ಎಲ್ಲಾ ಇರ್ತದಪ್ಪಾ, ಜಾಗಾ ಅಷ್ಟ ಬದಲಿ ಅಂತ.” ಸಿಟ್ಟಿರಲಿಲ್ಲ ಅದರಲ್ಲಿ. ನೋಟ್‌ಬುಕ್ ಮುಚ್ಚಿಟ್ಟು ಊಟಕ್ಕೆ ಕೂತರು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬರ ಒಳಿತಿಗಾಗಿ, ಅವರನ್ನು ಕೇಳದೆ, ಅವರ ವಸ್ತುವನ್ನು ಬದಲಿಸಬಹುದೇ?

ಬಹುದು ಎನ್ನಲು ಬಲವಾದ ಕಾರಣವಿದೆ, ಅದೂ ನಮ್ಮ ಹತ್ತಿರದ್ದೇ. 2017ರ ಜೂನ್ 27ರಂದು ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲಿ ಮೇರ್ಸ್ಕ್ ಸಮೂಹ ನಡೆಸುವ ಟರ್ಮಿನಲ್ಲಿನ ಕಂಪ್ಯೂಟರುಗಳು ಸತ್ತವು. ಯಾವ ಕಂಟೇನರ್ ಎಲ್ಲಿದೆ ಎಂದು ಹೇಳುವ ವ್ಯವಸ್ಥೆಯೇ ಇಲ್ಲದೆ, ಕೈಯಲ್ಲೇ ಕೆಲಸ ಸಾಗಿಸಬೇಕಾಯಿತು. ಅದು ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶದ ಕೆಲಸ. ಅದು ಹರಡಲು ಬಳಸಿದ ದಾರಿಗಳಲ್ಲಿ ಒಂದು, ವಿಂಡೋಸ್‌ನಲ್ಲಿದ್ದ ಬಿರುಕು. ಆ ಬಿರುಕು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್ 14ಕ್ಕೇ ಬಂದಿತ್ತು. ಲೋಕದಲ್ಲಿ ಎಷ್ಟೋ ಜನ ‘ನಂತರ ನೆನಪಿಸು’ ಅಂದಿದ್ದರು. ಒಂದು ಯಂತ್ರದ ಸೋಮಾರಿತನದ ಬೆಲೆಯನ್ನು ಅದರ ಪಕ್ಕದ ಯಂತ್ರ ಕೊಡುತ್ತದೆ. ಹಾಗಾಗಿ ‘ನನ್ನ ಕಂಪ್ಯೂಟರ್, ನನ್ನ ಇಷ್ಟ’ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ.

ಆದರೆ ಅದೇ ಘಟನೆಯ ಇನ್ನೊಂದು ಮುಖ ನೋಡಿ. ನಾಟ್‌ಪೆಟ್ಯಾ ಮೊದಲು ಹೊರಬಿದ್ದದ್ದು ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟಿನ ಬೆನ್ನೇರಿ. ಅಂದರೆ, ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಪಡೆದವರ ಮನೆಗೇ ಕಳ್ಳ ಹೊಕ್ಕಿದ್ದ. 2024ರ ಜುಲೈ 19 ನಿಮಗೂ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆ ಹಿಡಿದು ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ತಪ್ಪು ಫೈಲನ್ನು ಕಂಪನಿ ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡಿತ್ತು. ಆದರೆ ಬಿದ್ದ ಯಂತ್ರಗಳಲ್ಲಿ ಬಹಳಷ್ಟನ್ನು ಎಬ್ಬಿಸಲು ಯಾರಾದರೂ ಅವುಗಳ ಮುಂದೆ ಹೋಗಿ ಕೂರಲೇಬೇಕಾಯಿತು, ಒಂದೊಂದರ ಮುಂದೆ. ಕಳಿಸುವುದು ಒಂದು ಗುಂಡಿ; ಸರಿಪಡಿಸುವುದು ಲಕ್ಷಾಂತರ ಕೈ.

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಬರೆದ ‘ಆನ್ ಲಿಬರ್ಟಿ’ಯಲ್ಲಿ ಒಂದು ಗೆರೆ ಎಳೆದಿದ್ದಾನೆ. ಬೇರೆಯವರಿಗೆ ಆಗುವ ಹಾನಿ ತಡೆಯಲು ಒಬ್ಬನ ಮೇಲೆ ಬಲ ಬಳಸಬಹುದು, ಅವನದೇ ಒಳಿತು ಎಂಬ ಕಾರಣಕ್ಕೆ ಬಳಸಬಾರದು. ಅಪ್‌ಡೇಟ್ ಈ ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತಿದೆ. ನನ್ನ ಲ್ಯಾಪ್‌ಟಾಪ್, ಹೆಂಡತಿಯ ಬ್ಯಾಂಕ್ ಖಾತೆ ಎಂದರೆ ಬೇರೆಯವರ ಹಾನಿ. ‘ಅಪ್ಪನ ಫೈಲುಗಳಿಗೇ ಅಪಾಯ’ ಎಂದರೆ ಅವರ ಒಳಿತು. ಆ ರಾತ್ರಿ ನಾನು ಎರಡನ್ನೂ ಒಟ್ಟಿಗೆ ಕಲಸಿಕೊಂಡಿದ್ದೆ. ಮಿಲ್ ತನ್ನ ನಿಯಮದಿಂದ ಮಕ್ಕಳನ್ನು ಹೊರಗಿಟ್ಟಿದ್ದಾನೆ, ಅವರ ಪರವಾಗಿ ದೊಡ್ಡವರು ನಿರ್ಧರಿಸಬಹುದು. ನಾವು ಊರು ಬಿಟ್ಟು ಬಂದವರು ಆ ಪಟ್ಟಿಗೆ ಸದ್ದಿಲ್ಲದೆ ಇನ್ನೊಂದು ಹೆಸರು ಸೇರಿಸಿದ್ದೇವೆ: ವಯಸ್ಸಾದ ಅಪ್ಪ ಅಮ್ಮ. ಅವರ ಫೋನು ಯಾವುದಿರಬೇಕು, ಬ್ಯಾಂಕಿನ ಪಾಸ್‌ವರ್ಡ್ ಯಾರ ಬಳಿ ಇರಬೇಕು, ಊರ ಮನೆ ಯಾವಾಗ ಮಾರಬೇಕು, ಎಲ್ಲವೂ ‘ಅವರ ಒಳ್ಳೇದಕ್ಕೇ’.

ಆಫೀಸಿನಲ್ಲಿ ನಾನು ಹೀಗೆ ಮಾಡುತ್ತೇನೆಯೇ? ಒಂದು ಸಣ್ಣ ಸರ್ವರ್ ಮುಟ್ಟಬೇಕಾದರೂ ಅರ್ಜಿ ಬರೆಯಬೇಕು, ಅದನ್ನು ಬಳಸುವವರ ಒಪ್ಪಿಗೆ ಬೇಕು, ಹಿಂದಿನ ಪ್ರತಿ ತೆಗೆದಿಡಬೇಕು, ಕೆಟ್ಟರೆ ಹಿಂದಕ್ಕೆ ಬರುವ ದಾರಿ ಮೊದಲೇ ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬದಲಾವಣೆಯ ಮರುದಿನ ಬೆಳಿಗ್ಗೆ ಫೋನ್ ಎತ್ತಲು ಯಾರಿರುತ್ತಾರೆ ಎಂದು ಹೆಸರು ಹಾಕಬೇಕು. ಆ ಹೆಸರಿಲ್ಲದ ಅರ್ಜಿಗೆ ನಾನು ಸಹಿ ಮಾಡುವುದಿಲ್ಲ. ಮುಖವೇ ನೋಡದ ಗಿರಾಕಿಗೆ ಇಷ್ಟು ಮರ್ಯಾದೆ ಕೊಡುವವನು, ಹೆತ್ತ ತಂದೆಗೆ ಅದರಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಹತ್ತಿರದವರೆಂಬ ಸಲುಗೆಗೆ ನಾವು ಪ್ರೀತಿ ಎಂದು ಹೆಸರಿಡುತ್ತೇವೆ. ಅದರಲ್ಲಿ ಅರ್ಧ ಉದಾಸೀನ.

ಹಾಗಾದರೆ ಕೇಳಿಬಿಟ್ಟರೆ ಸಾಕೇ? ಯಂತ್ರ ದಿನಾ ಕೇಳುತ್ತಲೇ ಇತ್ತಲ್ಲ! ಅದರ ಪ್ರಶ್ನೆಯಲ್ಲಿ ‘ಬೇಡ’ ಎಂಬ ಉತ್ತರವೇ ಇರಲಿಲ್ಲ. ಈಗ, ಇಲ್ಲವೇ ನಂತರ. ಬೇಡ ಎನ್ನಲಾಗದ ಕಡೆ ಹೂಂ ಎಂದದ್ದಕ್ಕೆ ಏನು ಅರ್ಥ? ಇನ್ನೊಂದು ಕಡೆ, ಏಕೆ ಬೇಡ ಎಂದು ನಾನೂ ಅಪ್ಪನನ್ನು ಎಂದೂ ಕೇಳಿರಲಿಲ್ಲ. ಆಮೇಲೆ ಕೇಳಿದಾಗ ತಿಳಿಯಿತು: ಊರಿನಲ್ಲಿದ್ದಾಗ ಒಮ್ಮೆ ಹೀಗೇ ಅಪ್‌ಡೇಟ್ ಆಗಿ ಫಾಂಟ್ ಕೆಟ್ಟು, ಅದನ್ನು ಸರಿಪಡಿಸುವವರು ಸಿಗಲು ಇಪ್ಪತ್ತು ದಿನ ಹಿಡಿದಿತ್ತು. ಆಗಲೂ ನನಗೆ ಫೋನ್ ಮಾಡಿದ್ದರಂತೆ. ನಾನು ಏನಂದಿದ್ದೆನೋ ನನಗೆ ನೆನಪಿಲ್ಲ, ಊಹಿಸಬಲ್ಲೆ. ನಾನು ಅಜ್ಞಾನ ಅಂದುಕೊಂಡದ್ದು ಅನುಭವವಾಗಿತ್ತು.

ಈಗ ನನಗೆ ಅನ್ನಿಸುವುದು ಇಷ್ಟು. ಬದಲಿಸುವ ಹಕ್ಕು ಜ್ಞಾನದಿಂದ ಬರುವುದಿಲ್ಲ. ನನಗೆ ಗೊತ್ತಿದ್ದದ್ದು ನಿಜ, ಅಪ್ಪನಿಗೆ ಗೊತ್ತಿರದಿದ್ದದ್ದೂ ನಿಜ, ಆದರೂ ನಾನು ಮಾಡಿದ್ದು ತಪ್ಪು. ಬದಲಾವಣೆಯ ಮರುದಿನ ಅಲ್ಲಿ ಇರುತ್ತೇನೆ ಎನ್ನುವವನಿಗೆ ಮಾತ್ರ ಆ ಹಕ್ಕಿನಲ್ಲಿ ಒಂದು ಪಾಲು ಸಿಗುತ್ತದೆ. ಮೇರ್ಸ್ಕ್ ಕಂಪನಿ ಆ ಏಟಿನಿಂದ ಏಳಲು ಹತ್ತು ದಿನದಲ್ಲಿ 45,000 ಕಂಪ್ಯೂಟರುಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಕಟ್ಟಿತು ಎಂದು ಅದರ ಅಧ್ಯಕ್ಷರೇ ಹೇಳಿದ್ದರು. ಆ ಹತ್ತು ದಿನ ಜನ ಅಲ್ಲಿ ಕೂತಿದ್ದರು. ನಾನು ಒಂದು ಸೋಮವಾರ ಕೂತಿರಲಿಲ್ಲ.

ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ಶನಿವಾರ ಬೆಳಿಗ್ಗೆ ಕಾಫಿ ಆದ ಮೇಲೆ, ಫೈಲುಗಳ ಪ್ರತಿ ಹೊರಗಿನ ಡಿಸ್ಕಿಗೆ. ಅಲ್ಲಿಂದ ಯಾವುದಾದರೂ ಒಂದು ಪುಟವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಅಪ್ಪ ಗಟ್ಟಿಯಾಗಿ ಓದಬೇಕು. ಎಣಿಸಿದರೆ ಸಾಲದು ಎಂಬ ಪಾಠ ಕಲಿತಿದ್ದೇನೆ. ಒಂದು ಇನ್ವರ್ಟರ್ ಕೂಡಿಸಿದ್ದೇವೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡ್‌ಗೆ ತಿರುಗಿಸುವ ಕೆಲಸವೂ ನಡೆದಿದೆ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಮಾಸ್ತರರು ಪುಟಪುಟ ತಿದ್ದುತ್ತಾರೆ. ಹಳೆಯ ಪ್ರತಿಗಳನ್ನು ಅಳಿಸಲು ಮಾತ್ರ ಒಪ್ಪಿಲ್ಲ. ಇರಲಿ. ಬೆರಳಚ್ಚಿನಷ್ಟೇ ಆ ಹನ್ನೊಂದು ಪುಟಗಳನ್ನೂ ಜೋಪಾನ ಮಾಡಿದ್ದಾರೆ; ಎರಡನ್ನೂ ಹೋಲಿಸಿ ನೋಡಿದರೆ ಕೈಬರಹದಲ್ಲಿ ಅಮ್ಮನ ಬಗ್ಗೆ ಒಂದು ಪುಟ ಹೆಚ್ಚಿಗೆ ಇದೆ. ಅದನ್ನೂ ಟೈಪ್ ಮಾಡುವುದೋ ಬೇಡವೋ ಎಂದು ನಾನು ಕೇಳಿಲ್ಲ.

ಅಪ್‌ಡೇಟ್ ಬಂದಾಗ ಗುಂಡಿ ಒತ್ತುವುದು ಅವರೇ. ಒಂದೆರಡು ವಾರ ‘ನಂತರ ನೆನಪಿಸು’ ಅನ್ನುವುದೂ ಇದೆ, ಆ ಎರಡು ವಾರ ನನ್ನ ಲ್ಯಾಪ್‌ಟಾಪ್ ಬೇರೆ ನೆಟ್‌ವರ್ಕಿನಲ್ಲಿ ಇರುತ್ತದೆ. ಬೆರಳು ಮೌಸಿನ ಮೇಲಿಟ್ಟು ಅವರು ಪ್ರತಿ ಸಲ ನನ್ನ ಕಡೆ ತಿರುಗಿ ಒಂದೇ ಮಾತು ಕೇಳುತ್ತಾರೆ: “ನಾಳೆ ನೀ ಮನ್ಯಾಗ ಇರ್ತೀ ಹೌದಲ್ಲೋ?”

ಇರುತ್ತೇನೆ ಅಂದರೆ ಒತ್ತುತ್ತಾರೆ.