ಕೈಕೆಲಸ, ಕಥೆ ಮತ್ತು ಅಮಾನತ್ತು

ಮನುಷ್ಯನ ಕೈಗಳು ಮಾಡುವ ಕೆಲಸಕ್ಕೂ ಅವನ ಹೃದಯದಲ್ಲಿರುವ ಈಮಾನಿಗೂ ಏನು ಸಂಬಂಧ? ಆರಾಧನೆ ಎಂದೊಡನೆ ನಮ್ಮ ಮನಸ್ಸು ಮಸೀದಿಯ ಕಡೆಗೆ ತಿರುಗುತ್ತದೆ, ದುಡಿಮೆ ಎಂದೊಡನೆ ಪೇಟೆಯ ಕಡೆಗೆ. ಈ ಗೋಡೆಯನ್ನು ಕಟ್ಟಿಕೊಂಡವರು ನಾವು. ಹ. ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ಪ್ರಸಂಗ ಪವಿತ್ರ ಕುರ್‌ಆನಿನ ಸೂರಃ ಸಬಾದಲ್ಲಿದೆ. ಅಲ್ಲಿ ಪ್ರವಾದಿಯೊಬ್ಬರಿಗೆ ದೊರೆಯುವ ಸೂಚನೆಯ ಸೂಕ್ಷ್ಮತೆ ಆಶ್ಚರ್ಯ ಹುಟ್ಟಿಸುತ್ತದೆ: ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯಬೇಕು. ಸತ್ಕರ್ಮವೆಸಗಬೇಕೆಂಬ ಆಜ್ಞೆಯೂ ಅದೇ ವಚನದಲ್ಲಿದೆ. ಕೊಂಡಿ ಸಡಿಲವಾದರೆ ಬಾಣ ನಾಟುವುದು ಹೆಣೆದವನ ಎದೆಗಲ್ಲ, ತೊಟ್ಟವನ ಎದೆಗೆ. ಆದುದರಿಂದಲೇ ಕಸುಬು ಒಂದು ಅಮಾನತ್ತು.

ನಮ್ಮ ಮಂಗಳೂರಿನ ಬಂದರಿನಲ್ಲಿರುವ ಝೀನತ್ ಬಕ್ಷ್ ಜುಮಾ ಮಸೀದಿಯನ್ನೇ ನೋಡಿ. ಅದು ಹಿಜರಿ 22ರಲ್ಲಿ ಸ್ಥಾಪನೆಯಾಯಿತೆಂಬುದು ಊರಿನ ಪರಂಪರೆಯ ಮಾತು. ಟಿಪ್ಪು ಸುಲ್ತಾನರು ಅದನ್ನು ನವೀಕರಿಸಿ ಮಗಳ ಹೆಸರಿಟ್ಟರೆಂದೂ ಹಿರಿಯರು ಹೇಳುತ್ತಾರೆ. ಕಟ್ಟಿಸಿದವರ ಹೆಸರುಗಳು ಹೀಗೆ ನಮ್ಮ ನಾಲಿಗೆಯಲ್ಲಿವೆ. ಒಳಗಿನ ಮರದ ಕಂಬಗಳನ್ನು ಅಷ್ಟು ತಾಳ್ಮೆಯಿಂದ ಕೆತ್ತಿದ ಕೈಗಳ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೂ ಪ್ರತಿ ಜುಮಾದಂದು ಆ ಕೆಲಸದ ನೆರಳಿನಲ್ಲಿಯೇ ಸಫ್‌ಗಳು ನಿಲ್ಲುತ್ತವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ಕಥೆಯೂ ಅದೇ. ಹಂಚಿನ ಮೇಲೆ ಕಾರ್ಖಾನೆಯ ಮುದ್ರೆಯಿತ್ತು, ಜೇಡಿಮಣ್ಣು ತುಳಿದವನ ಹೆಸರಿರಲಿಲ್ಲ. ಹೆಸರಿಗಾಗಿ ಮಾಡದ ಕೆಲಸಕ್ಕೆ ಸಾಕ್ಷಿ ಯಾರೆಂಬುದನ್ನು ಮುಅ್‌ಮಿನನಿಗೆ ಹೇಳಬೇಕಾಗಿಲ್ಲ.

ಇನ್ನು ಕಥೆಗಳು. ಸೂರಃ ಯೂಸುಫ್ ತನ್ನನ್ನು ಅತ್ಯುತ್ತಮ ಕಥನವೆಂದು ಕರೆದುಕೊಂಡಿದೆ. ಕಥೆ ಕೇಳುವುದು ಕಾಲಹರಣವೆಂದು ಮೂಗು ಮುರಿಯುವ ನಮ್ಮ ಕೆಲವು ಮಿತ್ರರು ಇದನ್ನೊಮ್ಮೆ ಯೋಚಿಸಬೇಕು. ಬ್ಯಾರಿ ಮನೆಗಳಲ್ಲಿ ಕಥೆ, ಒಗಟು, ಹಾಡುಗಳು ಪುಸ್ತಕವಿಲ್ಲದೆ ತಾಯಿಯಿಂದ ಮಗಳಿಗೆ ದಾಟಿ ಬಂದವು. ಅವು ಎಲ್ಲಿ ದಾಟಿದವು? ಬಹುಪಾಲು ಜಗಲಿಯಲ್ಲಿ, ಬೀಡಿ ಸುತ್ತುತ್ತಾ.

ಇಲ್ಲಿ ನಮ್ಮ ಪ್ರಶ್ನೆ ಕಠಿಣವಾಗುತ್ತದೆ. ಬೀಡಿ ಸುತ್ತುವುದು ಸಣ್ಣ ಕಸುಬಲ್ಲ. ಎಲೆಯನ್ನು ನೀರಿನಲ್ಲಿ ನೆನೆಸಿ, ಅಚ್ಚಿಟ್ಟು ಕತ್ತರಿಸಿ, ಹೊಗೆಸೊಪ್ಪು ಹದವಾಗಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಅಳತೆ ತಪ್ಪಿದರೆ ಕಂತ್ರಾಟುದಾರ ಬದಿಗೆ ಎಸೆಯುತ್ತಾನೆ, ಮಜೂರಿ ಸಿಗುವುದು ಸಾವಿರಕ್ಕೆ ಇಷ್ಟೆಂದು. ಕಣ್ಣು ಕಥೆ ಹೇಳುವವಳ ಮುಖದ ಮೇಲಿದ್ದರೂ ಬೆರಳು ತಪ್ಪದಂತಹ ನೈಪುಣ್ಯವದು. ವಿಧವೆಯರು, ಗಂಡನ ಆಶ್ರಯ ತಪ್ಪಿದವರು ಅದರಿಂದಲೇ ಮಕ್ಕಳನ್ನು ಓದಿಸಿದರು. ನೆರೆಯ ಹಿಂದೂ, ಕ್ರೈಸ್ತ ಸೋದರಿಯರ ಜಗಲಿಯಲ್ಲಿಯೂ ಅದೇ ಮೊರವಿತ್ತು. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ ಸರಕಾರ ಕಾನೂನು ತಂದದ್ದು 1966ರಲ್ಲಿ. ನೈಪುಣ್ಯ, ಕಥೆ, ನೆರೆಹೊರೆಯ ಬಾಂಧವ್ಯ ಎಲ್ಲವೂ ಅಲ್ಲಿದ್ದವು. ಆದರೆ ಆ ಕೈಗಳಿಂದ ಹೊರಟ ವಸ್ತು ಯಾರದೋ ಶ್ವಾಸಕೋಶವನ್ನು ಸುಡುತ್ತಿತ್ತು. ಸುತ್ತಿದವಳ ಎದೆಗೂ ಹೊಗೆಸೊಪ್ಪಿನ ಧೂಳು ಇಳಿಯುತ್ತಿತ್ತು.

ಕೈಯಿಂದ ಮಾಡಿದ್ದೆಲ್ಲವೂ ಶ್ರೇಷ್ಠವೆನ್ನುವವರು ಇದಕ್ಕೇನು ಹೇಳುತ್ತಾರೆ? ಪ್ರತಿಯೊಂದರಲ್ಲೂ ಇಹ್ಸಾನನ್ನು ವಿಧಿಸಲಾಗಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದಾಗ, ಕೊಟ್ಟ ಉದಾಹರಣೆ ಪ್ರಾಣಿಯನ್ನು ಕೊಯ್ಯುವ ಕತ್ತಿಯದು. ಅದು ಹರಿತವಾಗಿರಬೇಕು, ಜೀವಿಗೆ ನೋವು ಹೆಚ್ಚಾಗಬಾರದು. ಅಂದರೆ ಒಳ್ಳೆಯ ಕೆಲಸದ ಅಳತೆಗೋಲು ಮಾಡುವವನ ಬೆರಳಿನಲ್ಲಿ ಮಾತ್ರ ಇಲ್ಲ, ಕೆಲಸದ ಇನ್ನೊಂದು ತುದಿಯಲ್ಲಿರುವ ಜೀವದಲ್ಲಿಯೂ ಇದೆ. ಈ ಅಳತೆಗೋಲಿನ ಮುಂದೆ ಬೀಡಿ ನಿಲ್ಲಲಾರದು. ಹಾಗೆಂದು ಆ ತಾಯಂದಿರ ಕಡೆಗೆ ಬೆರಳು ತೋರಿಸುವ ಧೈರ್ಯ ನನಗಿಲ್ಲ. ಅವರಿಗೆ ಬೇರೊಂದು ಕಸುಬನ್ನು ಕಲಿಸಿಕೊಡದ ಸಮುದಾಯ, ಅವರ ದುಡಿಮೆಯ ಕುರಿತು ಫತ್ವಾ ಕೇಳುವ ಮೊದಲು ತನ್ನ ಮದುವೆ ಮಂಟಪಗಳ ಲೆಕ್ಕಪತ್ರ ನೋಡಿಕೊಳ್ಳಲಿ.

ಈಗ ಪೇಟೆಯಲ್ಲಿ ಇನ್ನೊಂದು ವಿಚಿತ್ರ ಕಾಣುತ್ತಿದೆ. ವಸ್ತುವಿಗೊಂದು ಚೀಟಿ ಅಂಟಿಸಿ, ಚೀಟಿಯಲ್ಲಿ ಹಳ್ಳಿಯ ಕುಶಲಕರ್ಮಿಯ ಕಥೆ ಮುದ್ರಿಸಿ, ಬೆಲೆ ಏರಿಸಿ ಮಾರುತ್ತಾರೆ. ಆ ಕಥೆ ಕೊಳ್ಳುವವನ ಮನಸ್ಸಂತೋಷಕ್ಕೆ. ಈದ್‌ಗೆ ನೆರೆಮನೆಯ ಮಗುವಿಗೆ ಅಂಗಿ ಹೊಲಿಯುವ ಹೆಣ್ಣುಮಗಳಿಗೆ ಚೀಟಿ ಬೇಕಿಲ್ಲ. ಹೊಲಿಗೆ ಬಿಟ್ಟರೆ ಮಗು ಮರುದಿನ ಅವಳ ಬಾಗಿಲಿಗೇ ಬರುತ್ತದೆ. ಹ. ದಾವೂದ್(ಅ)ರ ಕೊಂಡಿಯ ಪಾಠ ಅವಳಿಗೆ ಹೀಗೆ ತಾನಾಗಿ ತಿಳಿದಿರುತ್ತದೆ.

ಬೀಡಿಯ ಮೊರ ಅನೇಕ ಮನೆಗಳಲ್ಲಿ ಅಟ್ಟ ಸೇರಿದೆ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಮೊರದೊಂದಿಗೆ ಕಥೆಗಳನ್ನೂ ಅಟ್ಟಕ್ಕೆ ಹಾಕಬೇಕೆಂದು ಯಾರು ಹೇಳಿದರು? 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದ ಮೇಲೆ ಈ ಭಾಷೆಗೆ ಪುಸ್ತಕಗಳ ಆಸರೆ ಸಿಕ್ಕಿದೆ, ಸರಿ. ಅಕಾಡೆಮಿ ಪ್ರತಿ ಅಡುಗೆಮನೆಗೂ ಬರಲಾರದಷ್ಟೆ. ಆದುದರಿಂದ ನಮ್ಮ ಮದ್ರಸದ ಮೇಲಿನ ತರಗತಿಯ ಮಕ್ಕಳಿಗೆ, ಅಜ್ಜಿಯಿಂದ ಒಂದು ಕಥೆ ಕೇಳಿ ಬರೆದುಕೊಂಡು ಬರಲು ಹೇಳಿದ್ದೇನೆ. ಯಾವ ಲಿಪಿಯಲ್ಲಿ ಬರೆಯಬೇಕೆಂದು ಒಬ್ಬಳು ಕೇಳಿದಳು. ಕನ್ನಡದಲ್ಲೇ ಬರೆ, ಅಜ್ಜಿ ಹೇಳಿದ ಹಾಗೆಯೇ ಬರೆ, ತಿದ್ದಬೇಡ ಎಂದೆ.